ಮೋಟರ್ ಎತ್ತಲೇನ್ರಿ?

ನನ್ನ ಮೊದಲ ಯೂಟ್ಯೂಬ್ ಚಾನೆಲ್‌ಗೆ 43 ಜನ ಚಂದಾದಾರರಿದ್ದರು. ಅರ್ಧ ಜನ ಬೀಗರು-ಬಿಜ್ಜರು. ಉಳಿದವರು ಅಂಗಡಿಗೆ ಬಂದ ಗಿರಾಕಿಗಳು. ಅವರ ಫೋನ್ ಇಸಕೊಂಡು ಬಟನ್ ಒತ್ತಿದವನೂ ನಾನೇ.

ವಿಜಯಪುರದ ಇಂಡಿ ರಸ್ತೆಯಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು. ಬೋರ್ ಒಳಗಿನ ಸಬ್‌ಮರ್ಸಿಬಲ್ ಮೋಟರ್ ಸುಟ್ಟರೆ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇವೆ. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ನೊಣ ಹೊಡೆಯುವುದೇ ಕೆಲಸ. ಅಂಥ ಒಂದು ಮಳೆಗಾಲದಲ್ಲೇ ಚಾನೆಲ್ ಹುಚ್ಚು ಹಿಡಿದದ್ದು.

ವಿಜಯಪುರದವನಿಗೆ ಚಾನೆಲ್ ಅಂದ ಕೂಡಲೇ ತಲೆಗೆ ಬರುವುದು ಗೋಳಗುಮ್ಮಟ, ಅಲ್ವಾ? ನನಗೂ ಅದೇ ಬಂತು. 1656ರ ಕಟ್ಟಡ, ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ, ಮೇಲೆ ಪಿಸುಗುಟ್ಟಿದರೆ ಎದುರುಗಡೆ ಕೇಳಿಸುತ್ತದೆ. ಇಷ್ಟು ಸರಕು ಮನೆ ಬಾಗಿಲಲ್ಲೇ ಇರುವಾಗ ಬೇರೆ ವಿಷಯ ಯಾಕೆ ಹುಡುಕಬೇಕು ಅಂದುಕೊಂಡೆ. ಟ್ರೈಪಾಡ್ ಹೆಗಲಿಗೆ ಹಾಕಿಕೊಂಡು ಹೋದೆ. ಅದನ್ನು ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು ಅಂತ ಗೇಟಿನಲ್ಲಿ ಗೊತ್ತಾಯಿತು. ಸರಿ, ಫೋನ್ ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿದೆ. ಮೇಲೆ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು. ನಾನು ‘ಆದಿಲ್ ಶಾಹಿ ಅರಸರು’ ಅನ್ನುವಷ್ಟರಲ್ಲಿ ಯಾವನೋ ಒಬ್ಬ ‘ಹೋ’ ಅಂದ. ಆ ಗುಮ್ಮಟ ಅದನ್ನು ಒಂದಕ್ಕೆ ಏಳು ಮಾಡಿ ವಾಪಸು ಕೊಟ್ಟಿತು. ಮನೆಗೆ ಬಂದು ಕೇಳಿದರೆ ರೆಕಾರ್ಡಿಂಗ್‌ನಲ್ಲಿ ಅರಸರು ಎಲ್ಲೂ ಇಲ್ಲ, ಬರೀ ‘ಹೋ’.

ಮೂರನೇ ವಿಡಿಯೋದಲ್ಲಿ ನಮ್ಮೂರಿನ ಬಾರಾ ಕಮಾನ್ ಅನ್ನುವ ಗೋರಿಯನ್ನು ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹನೇ ಕಟ್ಟಿಸಿದ್ದು ಅಂದುಬಿಟ್ಟೆ. ಅದು ಅವನ ಮಗ ಎರಡನೇ ಅಲಿಯದು, ಅದೂ ಅರ್ಧಕ್ಕೆ ನಿಂತದ್ದು. ನೋಡಿದ ಕೆಲವೇ ಜನರಲ್ಲಿ ಒಬ್ಬರು ಅದನ್ನು ಹಿಡಿದರು. ತಿದ್ದಿದ್ದಕ್ಕೆ ಬೇಜಾರಿಲ್ಲ. ಆದರೆ ಅವತ್ತು ಒಂದು ಗೊತ್ತಾಯಿತು. ನಾನು ಹೇಳುತ್ತಿದ್ದುದೆಲ್ಲ ಅಲ್ಲಿನ ಫಲಕದ ಮೇಲೆ ಬರೆದಿರುವುದೇ. ಅಲ್ಲಿನ ಟಾಂಗಾದವರಿಗೆ ನನಗಿಂತ ಜಾಸ್ತಿ ಗೊತ್ತು. ನನ್ನ ಚಾನೆಲ್ ಕೂಡ ಬಾರಾ ಕಮಾನ್ ಥರ ಅರ್ಧಕ್ಕೆ ನಿಂತಿತು.

ಎರಡನೇ ಯೋಚನೆ ಅಡುಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ. ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: “ನಾ ರೊಟ್ಟಿ ಬಡಿಯೂದು, ನೀವು ಚಾನೆಲ್ ಮಾಲಕ್ರು ಆಗೂದು? ಚಲೋ ಐತಿ ನೋಡ್ರಿ.” ಆ ವಿಷಯ ಅಲ್ಲಿಗೆ ಬಿಟ್ಟೆ.

ಬೆಂಗಳೂರಿನಲ್ಲಿ ವಿಡಿಯೋ ಎಡಿಟಿಂಗ್ ಮಾಡುವ ಸೋದರಮಾವನ ಮಗ ಒಬ್ಬನಿದ್ದಾನೆ. ಜಾತ್ರೆಗೆ ಬಂದಾಗ ಅವನ ಮುಂದೆ ಗೋಳು ತೋಡಿಕೊಂಡೆ. “ಅಣ್ಣಾ, ಕ್ಯಾಮೆರಾ ಮುಟ್ಟಬ್ಯಾಡ. ಮೊದಲ 20 ಎಪಿಸೋಡಿನ ಹೆಸರು ಬರಿ. ಒಂದು ತಾಸಿನಾಗ ಬರ್ಯಾಕ ಆಗಲಿಲ್ಲ ಅಂದ್ರ ಅದು ನಿನ್ನ ವಿಷಯ ಅಲ್ಲ,” ಅಂದ. ಸುಮ್ನೆ ಬರೆದು ನೋಡಿದೆ. ಇತಿಹಾಸ ಏಳಕ್ಕೆ ನಿಂತಿತು. ಎಂಟನೆಯದಕ್ಕೆ ‘ಉಪ್ಪಲಿ ಬುರುಜು: ಭಾಗ 2’ ಅಂತ ಬರೆದೆ. ಭಾಗ 1ರಲ್ಲೇ ಹೇಳಲು ಏನಿದೆ ಅಂತ ನನಗೆ ಗೊತ್ತಿರಲಿಲ್ಲ.

ಅವನು ಇನ್ನೊಂದು ಲೆಕ್ಕವನ್ನೂ ಹಾಕಿಸಿದ. ಯೂಟ್ಯೂಬ್ ಜಾಹೀರಾತಿನ ದುಡ್ಡು ಕೊಡಬೇಕಾದರೆ 1000 ಚಂದಾದಾರರು ಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು. ಚಿಕ್ಕ ಶಾರ್ಟ್ಸ್ ಮಾಡುವವರಿಗೆ ಲೆಕ್ಕ ಬೇರೆ. 4000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರೂ 80,000 ಸಲ ನೋಡಬೇಕು. ನನ್ನ ಬೀಗರು ಅಷ್ಟು ಜನ ಇಲ್ಲ. ಹಾಗಾಗಿ ದುಡ್ಡು ಬರುವ ವಿಷಯ ಯಾವುದು ಅನ್ನುವ ಪ್ರಶ್ನೆಯನ್ನೇ ಪಟ್ಟಿಯಿಂದ ಹೊಡೆದು ಹಾಕಿದೆ. ಹೊಡೆದ ಮೇಲೆ ತಲೆ ಸ್ವಲ್ಪ ಹಗುರಾಯಿತು. ಅಲ್ಲಿಯವರೆಗೆ ಎರಡು ತಿಂಗಳು ರಾತ್ರಿ ಕೂತು ಜನ ಏನು ಹುಡುಕುತ್ತಾರೆ ಅಂತ ಗೂಗಲ್ ಟ್ರೆಂಡ್ಸ್ ನೋಡಿದ್ದೆ. ಜನ ಹುಡುಕುತ್ತಿದ್ದದ್ದು ಕ್ರಿಕೆಟ್, ಸಿನಿಮಾ, ರಿಸಲ್ಟ್. ನನಗೆ ಮೂರೂ ಬರುವುದಿಲ್ಲ.

ಮಳೆಗಾಲ, ಚಳಿಗಾಲ ಕಳೆದು ಮಾರ್ಚ್ ಬಂತು. ಒಂದು ರಾತ್ರಿ 11 ಗಂಟೆ ದಾಟಿತ್ತು. ಟಿಕೋಟಾ ಕಡೆಯ ಒಬ್ಬ ಕಾಕಾ, ದ್ರಾಕ್ಷಿ ಬೆಳೆಗಾರರು, ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು. ಮೊದಲು ಅವರ ಉಸಿರಾಟ, ಆಮೇಲೆ ‘ಟಕ್’, ಒಂದಷ್ಟು ಹೊತ್ತು ‘ಗುಂ’, ಮತ್ತೆ ‘ಟಕ್’. ಕೊನೆಗೆ ಮಾತು: “ಕೇಳಿದಿ ಇಲ್ಲೋ ತಮ್ಮಾ? ಬಟನ್ ಒತ್ತಿದ್ರ ಹಿಡಿತೈತಿ, ಹತ್ತು ಎಣಸೂದ್ರಾಗ ಬಿಡತೈತಿ. ಮುಂಜಾನೆ ಗಾಡಿಯವ್ರಿಗೆ ಹೇಳಲೋ ಬ್ಯಾಡೋ? ಮೋಟರ್ ಎತ್ತಲೇನು?”

ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ಡಬ್ಬಿಗೆ ಫೋನ್ ಹಿಡಿದು ಶಬ್ದ ಕಳಿಸಿದ್ದರು. ಎರಡು ಸಲ ಕೇಳಿದೆ. “ಕಾಕಾ, ಎತ್ತಬ್ಯಾಡ್ರಿ. ಮತ್ತ ಬಟನ್ ಒತ್ತಬ್ಯಾಡ್ರಿ. ಒಂದು ಫೇಸ್ ಬರವಲ್ದು ಅನಸ್ತೈತಿ. ಮುಂಜಾನೆ ಲೈನ್‌ಮನ್‌ಗೆ ಕರೀರಿ,” ಅಂದೆ. ಮರುದಿನ ನೋಡಿದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಫ್ಯೂಸ್ ಹೋಗಿತ್ತು. ಮೂರು ಫೇಸ್‌ನ, ಅಂದರೆ ಮೂರು ಕರೆಂಟ್ ಲೈನಿನ, ಮೋಟರ್‌ಗೆ ಎರಡೇ ಫೇಸ್ ಬಂದರೆ ಅದು ತಿರುಗಲಾರದೆ ಗುಂಯ್‌ಗುಡುತ್ತದೆ, ಕರೆಂಟ್ ಮಾತ್ರ ಸಿಕ್ಕಾಪಟ್ಟೆ ಎಳೆಯುತ್ತದೆ. ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ ಸರಿ ಇದ್ದರೆ ‘ಟಕ್’ ಅಂತ ಬಿಡಿಸಿ ಮೋಟರ್ ಉಳಿಸುತ್ತದೆ. ಕಾಕಾ ಅದನ್ನೇ ಕೆಟ್ಟಿದೆ ಅಂದುಕೊಂಡಿದ್ದರು. ಅವರ ಮೋಟರ್ ಉಳಿಸಿದ್ದೇ ಆ ‘ಟಕ್’.

ಅವತ್ತು ಮಧ್ಯಾಹ್ನ ಫೋನ್‌ನಲ್ಲಿ ಹಳೆ ಮೆಸೇಜ್ ತೆಗೆದು ಮೇಲಕ್ಕೆ ಸರಿಸುತ್ತಾ ಹೋದೆ. ಎರಡು ತಿಂಗಳಲ್ಲಿ 112 ವಾಯ್ಸ್ ಮೆಸೇಜ್. ಅಂಗಡಿಯ ರಸೀದಿ ಪುಸ್ತಕದ ಹಿಂದೆ ಗೆರೆ ಹಾಕಿ ಎಣಿಸಿದೆ. 64 ಜನ ಕೇಳಿದ್ದು ಒಂದೇ ಪ್ರಶ್ನೆ. ಮಾತು ಬೇರೆ ಬೇರೆ, ಧಾಟಿ ಬೇರೆ ಬೇರೆ, ಕೊನೆಗೆ ಬಂದು ನಿಲ್ಲುವುದು ‘ಎತ್ತಲೇನ್ರಿ?’ ಅನ್ನುವಲ್ಲೇ.

ಊರ ಹೊರಗಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. 700 ಅಡಿ ಕೆಳಗಿರುವ ಮೋಟರ್ ಎತ್ತುವುದು ಬಾವಿಯಿಂದ ಕೊಡ ಎತ್ತಿದ ಹಾಗಲ್ಲ. ಗಾಡಿ ಬೇಕು, ನಾಲ್ಕು ಆಳು ಬೇಕು. ಪೈಪು ಒಂದೊಂದೇ ಬಿಚ್ಚಬೇಕು, ಕೇಬಲ್ ಸುತ್ತಬೇಕು. ಎತ್ತುವಾಗ ಪೈಪು ಕಳಚಿ ಮೋಟರ್ ಬೋರ್ ಒಳಗೇ ಬಿದ್ದರೆ ಬೋರೂ ಹೋಯಿತು, ಮೋಟರೂ ಹೋಯಿತು. ಅದೂ ಗಿಡದ ಮೇಲೆ ದ್ರಾಕ್ಷಿ ಗೊನೆ ಇರುವ ಹೊತ್ತಿನಲ್ಲಿ ಎರಡು ದಿನ ನೀರು ನಿಂತರೆ ರೈತನ ಹೊಟ್ಟೆಯಲ್ಲಿ ಬೆಂಕಿ. ಇಷ್ಟೆಲ್ಲ ಮಾಡಿ ಮೋಟರ್ ಅಂಗಡಿಗೆ ತಂದರೆ, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಚ್ಚಿ ನೋಡಿ ನಾವು ಹೇಳುತ್ತೇವೆ: “ಮೋಟರ್ ಚಲೋ ಐತ್ರಿ. ತೊಂದ್ರಿ ಮ್ಯಾಲೇ ಇತ್ತು.” ಆಗ ಅವರ ಮುಖ ನೋಡಲಿಕ್ಕಾಗುವುದಿಲ್ಲ.

ಆ ಸಂಜೆ 20 ಹೆಸರಿನ ಪಟ್ಟಿ ಮತ್ತೆ ಬರೆಯಲು ಕೂತೆ. ಸ್ಟಾರ್ಟರ್ ‘ಟರ್ರ್’ ಅಂದರೆ: ವೋಲ್ಟೇಜ್ ಕಡಿಮೆ, ರಾತ್ರಿ ಎಲ್ಲರೂ ಒಟ್ಟಿಗೆ ಚಾಲೂ ಮಾಡಿದಾಗ ಜಾಸ್ತಿ. ಹಿಡಿದು ಬಿಟ್ಟರೆ: ಮೇಲೆ ಹೇಳಿದ ಕಥೆ. ಬಟನ್ ಒತ್ತಿದರೂ ಉಸಿರೇ ಇಲ್ಲದಿದ್ದರೆ: ಫ್ಯೂಸ್, ಫೇಸ್, ಇಲ್ಲವೇ ಸ್ಟಾರ್ಟರ್ ಕಾಯಿಲ್. ಮೋಟರ್ ಓಡುತ್ತಿದೆ, ಪೈಪಿನ ಬಾಯಿ ಮಾತ್ರ ‘ಭಸ್ ಭಸ್’ ಅಂತ ಕೆಮ್ಮುತ್ತಿದೆ ಅಂದರೆ: ನೀರು ಕೆಳಗಿಳಿದಿದೆ, ಬಂದ್ ಮಾಡಿ ಬೋರಿಗೆ ಉಸಿರಾಡಲು ಬಿಡಿ. ಲೈನ್ ಕೆಲಸ ಆದ ಮರುದಿನದಿಂದ ನೀರು ಕಡಿಮೆ ಬಂದರೆ: ಎರಡು ಫೇಸ್ ಅದಲು ಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಆಂಪಿಯರ್ ಮುಳ್ಳು ಎಂದಿಗಿಂತ ಕೆಳಗಿದ್ದರೆ ಒಂದು ಕಥೆ, ಮೇಲಿದ್ದರೆ ಇನ್ನೊಂದು. ಊಟಕ್ಕೆ ಕರೆಯುವಷ್ಟರಲ್ಲಿ 31 ಆಗಿತ್ತು. ಒಂದಕ್ಕೂ ‘ಭಾಗ 2’ ಅಂತ ಬರೆದಿರಲಿಲ್ಲ.

ವಿಷಯ ಸಿಕ್ಕಿತು ಅಂತ ಖುಷಿ ಪಟ್ಟು ಅಪ್ಪನಿಗೆ ಹೇಳಿದೆ. ಅಪ್ಪ ಕೈಯಲ್ಲಿದ್ದ ತುತ್ತು ತಾಟಿನಲ್ಲಿ ಇಟ್ಟರು.

“ಅಂದ್ರ, ನಮ್ಮ ಅಂಗಡಿಗೆ ಬರಬ್ಯಾಡ್ರಿ ಅಂತ ಊರಿಗೆಲ್ಲಾ ಸಾರ್ತೀ ಅನ್ನು.”

“ಹಂಗಲ್ಲಪ್ಪಾ, ಸುಟ್ಟಿಲ್ಲದ ಮೋಟರ್ ತರಬ್ಯಾಡ್ರಿ ಅಂತೀನಿ.”

“ಎರಡೂ ಒಂದ. ನಮ್ಮ ಹೊಟ್ಟಿ ಮ್ಯಾಲ ನಾವ ಕಲ್ಲ ಹಾಕ್ಕೊಂಡಂಗ.”

ಮೂರು ದಿನ ಈ ಮಾತು ಮನೆಯಲ್ಲಿ ತಿರುಗುತ್ತಿತ್ತು. ಅಪ್ಪನದು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. 30 ವರ್ಷ ತಂತಿ ಸುತ್ತಿ ನಮ್ಮನ್ನು ಸಾಕಿದವರು. ಕೊನೆಗೆ ಲೆಕ್ಕದ ಪುಸ್ತಕ ತೆಗೆದೆವು. ಹಿಂದಿನ ಬೇಸಿಗೆಯಲ್ಲಿ ಬಂದ ಪ್ರತಿ ಐದು ಮೋಟರ್‌ಗಳಲ್ಲಿ ಒಂದು ಸುಟ್ಟೇ ಇರಲಿಲ್ಲ. ಅವುಗಳಿಂದ ನಮಗೆ ಸಿಕ್ಕಿದ್ದು ಚೆಕ್ ಮಾಡಿದ ಕೂಲಿ, ಜೊತೆಗೆ ರೈತರ ಬೈಗುಳ. “ನೀವ ಏನರೆ ಮಾಡಿ ಸರಿ ಐತಿ ಅಂತೀರಿ” ಅಂತ ಒಬ್ಬರು ಜಗಳವನ್ನೇ ತೆಗೆದಿದ್ದರು. ಅಪ್ಪ ಪುಸ್ತಕ ಮುಚ್ಚಿ ಒಂದು ಷರತ್ತು ಹಾಕಿದರು: “ಮಾಡು. ಆದ್ರ ಅಂಗಡಿ ಹೆಸರು ಬಾಯಾಗ ಬರಬಾರದು.” ಅದು ಅವರು ಸಿಟ್ಟಿನಿಂದ ಹೇಳಿದ್ದು. ನನಗೆ ಮಾತ್ರ ವರವಾಯಿತು. ಹೆಸರು ಹೇಳದೇ ಇದ್ದದ್ದಕ್ಕೆ ಇದು ಜಾಹೀರಾತಲ್ಲ ಅಂತ ಜನ ನಂಬಿದರು. ಬೇರೆ ವೈಂಡಿಂಗ್ ಅಂಗಡಿಯವರೊಬ್ಬರು ಫೋನ್ ಮಾಡಿ ಚೆನ್ನಾಗಿ ಉಗಿದರು. ಅದು ಬೇರೆ ಮಾತು.

ವಿಷಯವನ್ನು ಇನ್ನೂ ಅಗಲ ಮಾಡುವ ಆಸೆ ಇತ್ತು. ‘ಮೋಟರ್’ ಅಂತಲೋ ‘ಬೋರ್‌ವೆಲ್’ ಅಂತಲೋ ಇಟ್ಟರೆ ಜಾಸ್ತಿ ಜನ ಬರುತ್ತಾರೆ ಅಲ್ವಾ? ಆದರೆ ಬೋರ್‌ವೆಲ್ ಅಂದರೆ ಮೊದಲ ಪ್ರಶ್ನೆಯೇ ಎಲ್ಲಿ ಕೊರೆಸಲಿ ಅಂತ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ತೋರಿಸುವವರು ನಮ್ಮ ಕಡೆ ಊರಿಗೊಬ್ಬರು ಇದ್ದಾರೆ. ಅವರ ತಂಟೆಗೆ ಹೋಗುವ ಧೈರ್ಯ ನನಗಿಲ್ಲ, ಅದರ ಬಗ್ಗೆ ತಿಳಿವಳಿಕೆಯೂ ಇಲ್ಲ. ‘ಜಲಮಿತ್ರ’, ‘ಮೋಟರ್ ಮಾಹಿತಿ’ ಅಂತೆಲ್ಲ ಹೆಸರು ಬರೆದು ಹೊಡೆದು ಹಾಕಿ, ಕೊನೆಗೆ ಕಾಕಾನ ಪ್ರಶ್ನೆಯನ್ನೇ ಇಟ್ಟೆ: ‘ಮೋಟರ್ ಎತ್ತಲೇನ್ರಿ?’ ಎತ್ತುವ ತನಕದ ಮಾತು ಮಾತ್ರ. ಎತ್ತಿದ ಮೇಲಿನದು ನನ್ನ ಚಾನೆಲ್‌ನಲ್ಲಿ ಇಲ್ಲ.

ಆಮೇಲೆ ವಿಡಿಯೋನೋ, ಬರೀ ಆಡಿಯೋನೋ ಅನ್ನುವ ಪ್ರಶ್ನೆ. ಮೊದಲು ವಿಡಿಯೋ ಮಾಡಿದೆ. ತಾಮ್ರದ ತಂತಿ ಹೊಳೆಯುತ್ತಿತ್ತು, ನೋಡಲು ಚಂದ ಇತ್ತು. ಕಾಕಾಗೆ ಕಳಿಸಿದರೆ, “ತಮ್ಮಾ, ಅದನ್ನ ಯಾವಾಗ ನೋಡ್ಲೋ? ಕರೆಂಟ್ ಬಂದಾಗ ನೀರ ಹಾಯಸ್ಬೇಕು, ಇಲ್ಲದಾಗ ಮಲಕ್ಕೋಬೇಕು,” ಅಂದರು. ಸರಿಯೇ. ತೋಟದಲ್ಲಿ ಕೈ ಖಾಲಿ ಇರುವುದಿಲ್ಲ, ಕಿವಿ ಖಾಲಿ ಇರುತ್ತದೆ. ಅದೂ ಅಲ್ಲದೆ ನನ್ನ ಸರಕೇ ಶಬ್ದ. ಟರ್ರ್, ಟಕ್, ಗುಂ, ಭಸ್. ಇದಕ್ಕೆ ಚಿತ್ರ ಯಾಕೆ ಬೇಕು? ಹಾಗಾಗಿ ಪಾಡ್‌ಕಾಸ್ಟ್ ಅಂತ ಆಯಿತು. ಅದೇ ಆಡಿಯೋಗೆ ಒಂದು ಫೋಟೋ ಅಂಟಿಸಿ ಯೂಟ್ಯೂಬ್‌ಗೂ ಹಾಕುತ್ತೇನೆ. ನಮ್ಮ ಕೇಳುಗರ ಬಾಯಲ್ಲಿ ಪಾಡ್‌ಕಾಸ್ಟ್ ಅನ್ನುವ ಪದವೇ ಇಲ್ಲ. ‘ಆ ಆಡಿಯೋ ಕಳಸ್ರಿ’ ಅನ್ನುತ್ತಾರೆ. ಜಾಸ್ತಿ ಜನಕ್ಕೆ ತಲುಪುವುದು ವಾಟ್ಸಾಪ್ ಗುಂಪಿನಲ್ಲಿ, ಫೈಲ್ ಆಗಿಯೇ. ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇರಲಿ ಬಿಡಿ. ಯಾರದ್ದಾದರೂ ವಾಯ್ಸ್ ಮೆಸೇಜ್ ಬಳಸುವ ಮುಂಚೆ ಅವರನ್ನು ಕೇಳುತ್ತೇನೆ. ಸ್ಟಾರ್ಟರ್ ಶಬ್ದ ಇಟ್ಟುಕೊಂಡು ಮಾತಿನ ಭಾಗ ಕತ್ತರಿಸುತ್ತೇನೆ. ಬೇಡ ಅಂದವರು ಇಬ್ಬರೇ. ಅದರಲ್ಲಿ ಒಬ್ಬರ ಭಯ, ನಮ್ಮ ಸ್ಟಾರ್ಟರ್ ಹಳೇದು ಅಂತ ಊರಿಗೆಲ್ಲ ಗೊತ್ತಾಗುತ್ತದೆ ಅಂತ.

ರೆಕಾರ್ಡಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅಂಗಡಿಗೆ ತಗಡಿನ ಮಾಡು, ಮಾತಾಡಿದರೆ ಗೋಳಗುಮ್ಮಟದ ತಮ್ಮನ ಹಾಗೆ ಮಾರ್ದನಿ. ಹೆಂಡತಿ ಅಟ್ಟದಿಂದ ಮೂರು ಕೌದಿ ಇಳಿಸಿ ಕೊಟ್ಟಳು. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಸುತ್ತ ಇಳಿಬಿಟ್ಟೆ. ಮಾರ್ದನಿ ಸತ್ತಿತು. ಮೈಕ್ ಕಿವಿಗೆ ಹಾಕುವ ಇಯರ್‌ಫೋನಿನದೇ. ಎಡಿಟಿಂಗ್‌ಗೆ ದುಡ್ಡು ಕೊಡಬೇಕಿಲ್ಲದ ಆಡಾಸಿಟಿ. ಮೊದಲ ಎಪಿಸೋಡ್‌ನಲ್ಲಿ ಟಿವಿ ವಾರ್ತೆಯವರ ಕನ್ನಡ ಮಾತಾಡಿದ್ದೆ. ‘ನಮಸ್ಕಾರ ವೀಕ್ಷಕರೇ’ ಅಂದಾಗ ಅಪ್ಪ ಹೊರಗಿನಿಂದಲೇ ನಕ್ಕರು. ಆಡಿಯೋದಲ್ಲಿ ವೀಕ್ಷಕರು ಎಲ್ಲಿಂದ ಬರಬೇಕು? ಅಳಿಸಿ, ಅಂಗಡಿಯಲ್ಲಿ ಮಾತಾಡುವ ಹಾಗೇ ಮಾತಾಡಿದೆ.

ಯಾವುದನ್ನು ಮಾಡಬಾರದು ಅನ್ನುವುದನ್ನು ತೀರ್ಮಾನಿಸಿದ್ದು ಮಾತ್ರ ತಡವಾಗಿ, ಅದೂ ಹೆಂಡತಿ ಬೈದ ಮೇಲೆ. ಎರಡನೇ ಎಪಿಸೋಡ್‌ನಲ್ಲಿ ‘ಸ್ಟಾರ್ಟರ್ ಮುಚ್ಚಳ ತೆಗೆದು ರಿಲೇ ನೋಡಿ’ ಅಂದಿದ್ದೆ. ಅವಳು ಕೇಳಿದಳು: “ನೀರ ಹಾಯಸಾವ್ರು, ತೊಯ್ದ ಕೈಲೆ ಮುಚ್ಚಳ ತಗದ್ರಂದ್ರ?” ನನಗೆ ಮೈ ಬೆವರಿತು. ಮೂರು ಫೇಸ್ ಅಂದರೆ 415 ವೋಲ್ಟ್. ರಿಲೇ ಬಿಡಿಸಬಾರದು ಅಂತ ಅದರ ಸಂದಿನಲ್ಲಿ ಕಡ್ಡಿ ಸಿಕ್ಕಿಸಿ ಇಡುವವರನ್ನು ನಾನೇ ಎಷ್ಟು ಸಲ ನೋಡಿಲ್ಲ! ಅಂಥವರಿಗೆ ನಾನು ಮುಚ್ಚಳ ತೆಗೆಯಿರಿ ಅಂತ ಹೇಳಿದ್ದೆ. ಅದೇ ರಾತ್ರಿ ಅದನ್ನು ತೆಗೆದು ಹಾಕಿದೆ. ವಾಟ್ಸಾಪ್‌ನಲ್ಲಿ ಹೋದದ್ದನ್ನು ತೆಗೆಯಲಾಗಲಿಲ್ಲ, ಅದು ಈಗಲೂ ಕಾಡುತ್ತದೆ. ಅಲ್ಲಿಂದ ವಿಷಯ ಇನ್ನೂ ಕಿರಿದಾಯಿತು: ಮುಚ್ಚಳ ಹಾಕಿದ್ದಂತೆಯೇ ಕಣ್ಣು, ಕಿವಿಗೆ ಸಿಗುವುದು ಏನೋ ಅಷ್ಟೇ. ಮುಂದಿನದು ಲೈನ್‌ಮನ್ ಇಲ್ಲವೇ ಮೆಕ್ಯಾನಿಕ್ ಕೆಲಸ. ಪಟ್ಟಿಯ 31ರಲ್ಲಿ 9 ಹೀಗೆ ಹೋದವು.

ಉಳಿದ 22ರ ಜೊತೆ ಕೇಳುಗರು ಕೊಟ್ಟ ನಾಲ್ಕು ಸೇರಿ ಈಗ 26 ಎಪಿಸೋಡ್ ಆಗಿವೆ. ಯಾವುದೂ ಏಳು ನಿಮಿಷ ದಾಟಿಲ್ಲ. ಚಂದಾದಾರರು 900 ಚಿಲ್ಲರೆ. ಬೀಗರು ಹಳೆ ಚಾನೆಲ್‌ನಲ್ಲೇ ಉಳಿದಿದ್ದಾರೆ. ಮೋಟರ್ ಕೆಲಸ ಇರುವಾಗಲೇ ಕೇಳುಗರೂ ಇರುವುದರಿಂದ ಜನವರಿಯಿಂದ ಮೇವರೆಗೆ ಮಾತ್ರ ಹಾಕುತ್ತೇನೆ, ಮಳೆಗಾಲಕ್ಕೆ ರಜೆ. ಕೆರೆ ತುಂಬಿಸುವ ಯೋಜನೆ ಬಂದ ಕಡೆ ಬೋರಿನ ನೀರು ಮೇಲೆ ಬಂದು ‘ಭಸ್ ಭಸ್’ ಮೆಸೇಜ್ ಕಡಿಮೆಯಾಗಿದೆ. ವಿಷಯ ಬತ್ತುತ್ತಿದೆ ಅಂತ ಬೇಜಾರು ಮಾಡಿಕೊಳ್ಳಲು ಹೋಗಿ, ಛೇ, ಎಂಥ ಬೇಜಾರು ಇದು ಅಂತ ನಾಚಿಕೆಯಾಯಿತು.

ಹೋದ ತಿಂಗಳು ಬಬಲೇಶ್ವರ ಕಡೆಯಿಂದ ಒಂದು ಶಬ್ದ ಬಂತು. ಬೋರಿನ ಬಾಯಿಯ ಹತ್ತಿರ ಕಬ್ಬಿಣದ ಪೈಪಿಗೆ ಫೋನ್ ಒತ್ತಿ ರೆಕಾರ್ಡ್ ಮಾಡಿದ್ದರು. ‘ಕರ ಕರ ಕರ.’ ನನ್ನ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ. ನಾಲ್ಕು ಸಲ ಕೇಳಿದೆ, ತಿಳಿಯಲಿಲ್ಲ. ಅಪ್ಪ ಬಂದು ಫೋನ್ ಇಸಕೊಂಡು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು.

“ಎತ್ತಲಿ. ಬೇರಿಂಗ್ ಹೋಗೈತಿ,” ಅಂದರು.

ಎತ್ತಿ ತಂದರು. ಬಿಚ್ಚಿದೆವು. ಬೇರಿಂಗ್ ಹೊಸದರ ಹಾಗಿತ್ತು. ಮರಳು ಹೊಡೆದು ನೀರು ಮೇಲಕ್ಕೆ ತಳ್ಳುವ ಚಕ್ರಗಳು, ಪಂಪಿನ ಇಂಪೆಲ್ಲರ್, ಸವೆದು ಹೋಗಿದ್ದವು. ಎತ್ತಿದ್ದಂತೂ ಸರಿಯೇ ಆಯಿತು. ಆ ಶಬ್ದವನ್ನು 27ನೇ ಎಪಿಸೋಡ್‌ಗೆ ಅಂತ ಇಟ್ಟುಕೊಂಡಿದ್ದೇನೆ. ಬೇರಿಂಗ್ ಅಂದದ್ದನ್ನು ಮಾತ್ರ ಅದರಲ್ಲಿ ಹೇಳಬಾರದು ಅಂತ ಅಪ್ಪ ಎರಡು ಸಲ ನೆನಪಿಸಿದ್ದಾರೆ.